ಮೇಜು ಗರಗಸದ ಸುರಕ್ಷಿತ ಬಳಕೆ

ಮೇಜು ಗರಗಸ ಅಥವಾ ಟೇಬಲ್ ಸಾ ಎಂಬುದು ಹಲಗೆ, ರೀಪು ಮತ್ತು ಪ್ಲೈವುಡ್‌ಗಳನ್ನು ನೇರವಾಗಿ ಕೊಯ್ಯಲು ಮರಗೆಲಸದಲ್ಲಿ ಬಳಸುವ ವಿದ್ಯುತ್ ಯಂತ್ರ. ಇದರಲ್ಲಿ ವೃತ್ತಾಕಾರದ ಗರಗಸದ ಬ್ಲೇಡು ಸಮತಟ್ಟಾದ ಮೇಜಿನ ಸೀಳಿನ ಮೂಲಕ ಮೇಲಕ್ಕೆ ಚಾಚಿಕೊಂಡಿರುತ್ತದೆ. ಬ್ಲೇಡು ಇದ್ದಲ್ಲಿಯೇ ತಿರುಗುತ್ತದೆ. ಮರವನ್ನು ಅದರತ್ತ ಕೈಯಿಂದ ತಳ್ಳಲಾಗುತ್ತದೆ. ಕೈಗರಗಸದಲ್ಲಿ ಮರ ಅಲುಗದೆ ನಿಂತಿದ್ದು ಉಪಕರಣ ಚಲಿಸಿದರೆ, ಇಲ್ಲಿ ಉಪಕರಣ ನಿಂತಿದ್ದು ಮರ ಚಲಿಸುತ್ತದೆ. ಈ ಯಂತ್ರದ ನಿಖರತೆಗೂ ಅದರ ಅಪಾಯಕ್ಕೂ ಮೂಲ ಈ ಒಂದೇ ವ್ಯತ್ಯಾಸ.

ಬೆರಳು ಬ್ಲೇಡಿಗೆ ತಗಲುವುದು ಈ ಯಂತ್ರದ ಅತಿ ಸಾಮಾನ್ಯವಾದ ಗಂಭೀರ ಅಪಘಾತ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿನಂತೆ ಆ ದೇಶವೊಂದರಲ್ಲಿಯೇ ವರ್ಷಕ್ಕೆ ಸುಮಾರು 30,000 ಮಂದಿ ಇಂತಹ ಗಾಯಗಳಿಗಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತಾರೆ. ಗಾಯಗೊಳ್ಳುವವರಲ್ಲಿ ಹೊಸಬರಷ್ಟೇ ಅಲ್ಲ, ನುರಿತ ಬಡಗಿಗಳೂ ಇದ್ದಾರೆ. ಎಚ್ಚರಿಕೆಯ ಕೊರತೆಯೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೆ ಹಲವು ಅಪಘಾತಗಳ ಬೇರು ಕೊಯ್ಯುವ ಕ್ಷಣದಲ್ಲಿ ಇರುವುದಿಲ್ಲ. ಯಂತ್ರವನ್ನು ಜೋಡಿಸಿದ ರೀತಿಯಲ್ಲಿ ಇರುತ್ತದೆ. ಬ್ಲೇಡಿನ ಹಿಂಬದಿಯಲ್ಲಿ ಮರ ಸಿಕ್ಕಿಕೊಳ್ಳದಂತೆ ಯಂತ್ರವನ್ನು ಮೊದಲೇ ಹೊಂದಿಸಿದ್ದರೆ ಕೈ ಬ್ಲೇಡಿನತ್ತ ಎಳೆಯಲ್ಪಡುವ ಸಂದರ್ಭವೇ ಬಹುಮಟ್ಟಿಗೆ ಒದಗುವುದಿಲ್ಲ.

ರಚನೆ ಮತ್ತು ಬಗೆಗಳು

ವೃತ್ತಾಕಾರದ ಗರಗಸಕ್ಕೆ ಸಂಬಂಧಿಸಿದ ಮೊದಲ ಪೇಟೆಂಟುಗಳಲ್ಲಿ ಒಂದನ್ನು 1777ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ ಪಡೆದನು. ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ರೂಪಿಸಿದ ಜಾರುಮೇಜಿನ ಗರಗಸ ಇಂದಿನ ಪ್ಯಾನೆಲ್ ಸಾ ಯಂತ್ರಗಳ ಪೂರ್ವಜ. ಮೇಜನ್ನು ಓರೆ ಮಾಡುವ ಬದಲು ಬ್ಲೇಡನ್ನೇ ಓರೆ ಮಾಡಬಲ್ಲ ಅಮೆರಿಕದ ಡೆಲ್ಟಾ ಯೂನಿಸಾ 1939ರಲ್ಲಿ ಮಾರುಕಟ್ಟೆಗೆ ಬಂದಿತು.

ಇಂದಿನ ಯಂತ್ರಗಳು ಸ್ಥೂಲವಾಗಿ ಮೂರು ಗಾತ್ರಗಳಲ್ಲಿ ದೊರೆಯುತ್ತವೆ. ಎತ್ತಿ ಒಯ್ಯಬಹುದಾದ ಸಣ್ಣ ಯಂತ್ರಗಳು ಕಟ್ಟಡ ಕೆಲಸದ ಜಾಗಗಳಲ್ಲಿ ಕಾಣಸಿಗುತ್ತವೆ. ಎರಕದ ಕಬ್ಬಿಣದ ಭಾರವಾದ ಮೇಜುಳ್ಳ ಕ್ಯಾಬಿನೆಟ್ ಸಾ ಪೀಠೋಪಕರಣ ತಯಾರಿಕೆಯ ಕಾರ್ಯಾಗಾರಗಳಲ್ಲಿರುತ್ತದೆ. ಜಾರುಮೇಜಿನ ಪ್ಯಾನೆಲ್ ಸಾ ಪ್ಲೈವುಡ್ ಮತ್ತು ಎಂಡಿಎಫ್ ಹಾಳೆಗಳನ್ನು ಕೊಯ್ಯುವ ಕಾರ್ಖಾನೆಗಳಿಗೆ ಸೇರಿದ್ದು. ಗಾತ್ರ ಯಾವುದೇ ಇರಲಿ, ಮುಖ್ಯ ಭಾಗಗಳು ಹೆಚ್ಚುಕಡಿಮೆ ಒಂದೇ. ಬ್ಲೇಡನ್ನು ಹೊರುವ ತಿರುಗುದಂಡಕ್ಕೆ ಆರ್ಬರ್ ಎಂದು ಹೆಸರು. ಮರದ ಅಂಚು ಒತ್ತಿಕೊಂಡು ಸಾಗುವ, ಬ್ಲೇಡಿಗೆ ಸಮಾನಾಂತರವಾಗಿ ನಿಲ್ಲುವ ಪಟ್ಟಿಯೇ ಫೆನ್ಸ್. ಮೇಜಿನ ಮೇಲಿನ ಉದ್ದನೆಯ ಗಾಡಿಯಲ್ಲಿ ಜಾರುತ್ತ, ಅಡ್ಡ ಕೊಯ್ಯುವಾಗ ಮರಕ್ಕೆ ಆನಿಕೆ ಕೊಡುವುದು ಮೈಟರ್ ಗೇಜ್. ಇವಲ್ಲದೆ ಬ್ಲೇಡಿನ ಮೇಲೆ ಕವಚವೂ ಹಿಂದೆ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿಯೂ ಇರುತ್ತವೆ, ಅಥವಾ ಇರಬೇಕಾಗುತ್ತದೆ.

ಕಿಕ್‌ಬ್ಯಾಕ್

ಕೊಯ್ಯುತ್ತಿರುವ ಮರ ಇದ್ದಕ್ಕಿದ್ದಂತೆ ಕೊಯ್ಯುವವರ ಕಡೆಗೆ ಚಿಮ್ಮುವುದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಇದನ್ನು ಅರಿಯಲು ಬ್ಲೇಡು ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಗಮನಿಸಬೇಕು. ಮುಂಭಾಗದಲ್ಲಿ, ಅಂದರೆ ಕೊಯ್ಯುವವರಿಗೆ ಹತ್ತಿರವಿರುವ ಬದಿಯಲ್ಲಿ, ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಅವು ಮರವನ್ನು ಮೇಜಿಗೆ ಒತ್ತುತ್ತವೆ. ಆದುದರಿಂದ ಮುಂಭಾಗದ ಕೊಯ್ತ ಸ್ಥಿರವಾದುದು. ಹಿಂಭಾಗದಲ್ಲಿ ಅದೇ ಹಲ್ಲುಗಳು ಮೇಜಿನ ಕೆಳಗಿನಿಂದ ಮೇಲಕ್ಕೆದ್ದು, ಬ್ಲೇಡಿನ ತುದಿಯನ್ನು ದಾಟಿ, ಮತ್ತೆ ಕೊಯ್ಯುವವರತ್ತ ಬರುತ್ತವೆ. ಹಿಂಭಾಗದ ಹಲ್ಲುಗಳಿಗೆ ಕೊಯ್ಯಲು ಏನೂ ಉಳಿದಿರುವುದಿಲ್ಲ. ಮರ ಅವುಗಳಿಗೆ ತಾಗಿದರೆ ಅವು ಅದನ್ನು ಕೊಯ್ಯುವ ಬದಲು ಎತ್ತಿ, ಬ್ಲೇಡಿನ ಮೇಲೆ ಹೊರಳಿಸಿ, ಮುಂದಕ್ಕೆ ಎಸೆಯುತ್ತವೆ.

ಎಸೆತದ ವೇಗವನ್ನು ಲೆಕ್ಕ ಹಾಕಬಹುದು. 254 ಮಿ.ಮೀ. ಅಂದರೆ 10 ಅಂಗುಲ ವ್ಯಾಸದ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್, ಅಂದರೆ ಗಂಟೆಗೆ 190 ಕಿಲೋಮೀಟರಿನಷ್ಟಾಗುತ್ತದೆ. ಮನುಷ್ಯನು ಅಪಾಯವನ್ನು ಕಂಡು ಕೈ ಹಿಂದೆಗೆಯಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕೆಂದು ಹಿಡಿದರೂ, ಅಷ್ಟರೊಳಗೆ 40 ಹಲ್ಲಿನ ಬ್ಲೇಡಿನ ಐನೂರಕ್ಕೂ ಹೆಚ್ಚು ಹಲ್ಲುಗಳು ಹಾದುಹೋಗಿರುತ್ತವೆ. ಕಿಕ್‌ಬ್ಯಾಕ್ ಆಗುವಾಗ ಚುರುಕುತನದಿಂದ ತಪ್ಪಿಸಿಕೊಳ್ಳಬಹುದೆಂಬ ನಂಬಿಕೆಗೆ ಈ ಲೆಕ್ಕದಲ್ಲಿ ಎಡೆಯಿಲ್ಲ.

ಚಿಮ್ಮಿದ ಮರ ಹೊಟ್ಟೆ, ಎದೆ ಅಥವಾ ಮುಖಕ್ಕೆ ಬಡಿಯಬಹುದು. ಅದಕ್ಕಿಂತಲೂ ಗಂಭೀರವಾದುದು ಕೈಗೆ ಆಗುವ ಪರಿಣಾಮ. ಮುಂದಕ್ಕೆ ಒತ್ತುತ್ತಿದ್ದ ಕೈಯ ಕೆಳಗಿನಿಂದ ಮರ ಒಮ್ಮೆಲೇ ಮಾಯವಾದಾಗ ಕೈ ತನ್ನ ಒತ್ತಡದಿಂದಲೇ ಬ್ಲೇಡಿನ ಮೇಲೆ ಬೀಳುತ್ತದೆ. ಬ್ಲೇಡಿನ ಆಚೆ ಬದಿಯಲ್ಲಿ ಮರವನ್ನು ಹಿಡಿದಿದ್ದ ಕೈಯಾದರೆ ಮರದೊಡನೆ ಹಿಂದಕ್ಕೆ, ಬ್ಲೇಡಿನತ್ತಲೇ, ಎಳೆಯಲ್ಪಡುತ್ತದೆ. ಹೀಗಾಗಿ ಕಿಕ್‌ಬ್ಯಾಕ್ ಮತ್ತು ಬೆರಳು ತುಂಡಾಗುವುದು ಎರಡು ಬೇರೆ ಅಪಘಾತಗಳಂತೆ ತೋರಿದರೂ ಅನೇಕ ವೇಳೆ ಒಂದೇ ಘಟನೆಯ ಎರಡು ಹಂತಗಳಾಗಿರುತ್ತವೆ.

ಮರ ಹಿಂಭಾಗದ ಹಲ್ಲುಗಳಿಗೆ ತಾಗಲು ಹಲವು ದಾರಿಗಳಿವೆ. ಕೊಯ್ಯುವಾಗ ಹಲಗೆ ಫೆನ್ಸಿನಿಂದ ತುಸು ಸರಿದು ಓರೆಯಾಗಬಹುದು. ಚದರಾಕಾರದ ಸಣ್ಣ ಪ್ಲೈವುಡ್ ತುಂಡುಗಳಲ್ಲಿ ಇದು ಬಹಳ ಸುಲಭ. ಮರದೊಳಗೆ ಅಡಗಿದ್ದ ಬಿಗಿತ ಕೊಯ್ತದಿಂದ ಸಡಿಲಗೊಂಡು ಸೀಳಿನ ಎರಡು ತುಟಿಗಳು ಒಂದನ್ನೊಂದು ಸಮೀಪಿಸಿ ಬ್ಲೇಡನ್ನು ಕಚ್ಚಬಹುದು. ಸರಿಯಾಗಿ ಒಣಗದ ಮರದಲ್ಲಿ, ಕೊಂಬೆಯ ಮರದಲ್ಲಿ, ಗಂಟಿನ ಸುತ್ತ ಹೀಗಾಗುವ ಸಂಭವ ಹೆಚ್ಚು. ಫೆನ್ಸಿನ ಹಿಂತುದಿ ಬ್ಲೇಡಿನ ಕಡೆಗೆ ವಾಲಿದ್ದರೆ ಪ್ರತಿ ಕೊಯ್ತದಲ್ಲಿಯೂ ಮರ ಇಕ್ಕಟ್ಟಿಗೆ ಸಿಲುಕುತ್ತದೆ. ಮೈಟರ್ ಗೇಜಿನಿಂದ ಅಡ್ಡ ಕೊಯ್ಯುವಾಗ ಫೆನ್ಸನ್ನು ಅಳತೆಯ ತಡೆಯಾಗಿ ಬಳಸಿದರೆ ತುಂಡಾದ ಭಾಗ ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿಬಿದ್ದು ತಿರುಗಿಕೊಳ್ಳುತ್ತದೆ. ಯಾವ ಆಸರೆಯೂ ಇಲ್ಲದೆ ಬರಿಗೈಯಲ್ಲಿ ಮರವನ್ನು ಬ್ಲೇಡಿಗೆ ಕೊಡುವುದಂತೂ ಯಾವ ಸಂದರ್ಭದಲ್ಲಿಯೂ ಸಮರ್ಥನೀಯವಲ್ಲ.

ರೈವಿಂಗ್ ನೈಫ್

ಬ್ಲೇಡಿನ ಬೆನ್ನಿಗೆ ಅಂಟಿಕೊಂಡಂತೆ ನಿಲ್ಲುವ ಬಾಗಿದ ಉಕ್ಕಿನ ಪಟ್ಟಿಯೇ ರೈವಿಂಗ್ ನೈಫ್. ಹೆಸರಿನಲ್ಲಿ ಚಾಕು ಇದ್ದರೂ ಇದು ಏನನ್ನೂ ಕತ್ತರಿಸುವುದಿಲ್ಲ. ಕೊಯ್ತದ ಸೀಳಿನೊಳಗೆ ಬೆಣೆಯಂತೆ ನಿಂತು ಸೀಳು ಮುಚ್ಚಿಕೊಳ್ಳದಂತೆ ತಡೆಯುವುದು, ಮರ ಓರೆಯಾಗಿ ಹಿಂಭಾಗದ ಹಲ್ಲುಗಳತ್ತ ಸರಿಯದಂತೆ ಗೋಡೆಯಾಗಿ ನಿಲ್ಲುವುದು ಇದರ ಕೆಲಸ. ಅಗ್ಗದ ಈ ಪಟ್ಟಿಯಷ್ಟು ಸರಳವಾದ, ಇದರಷ್ಟು ಉಪಕಾರಿಯಾದ ಮತ್ತೊಂದು ಭಾಗ ಈ ಯಂತ್ರದಲ್ಲಿಲ್ಲ.

ಹಳೆಯ ಯಂತ್ರಗಳಲ್ಲಿ ಇದರ ಬದಲು ಸ್ಪ್ಲಿಟರ್ ಎಂಬ ಭಾಗವಿರುತ್ತಿತ್ತು. ಅದು ಬ್ಲೇಡಿನೊಂದಿಗೆ ಏರಿಳಿಯುತ್ತಿರಲಿಲ್ಲ ಮತ್ತು ಬ್ಲೇಡಿಗಿಂತ ಎತ್ತರವಾಗಿತ್ತು. ಮರವನ್ನು ಪೂರ್ತಿ ಸೀಳದೆ ಗಾಡಿ ತೆಗೆಯುವ ಕೆಲಸಕ್ಕೆ ಅದನ್ನು ಕಳಚಲೇಬೇಕಾಗುತ್ತಿತ್ತು. ಒಮ್ಮೆ ಕಳಚಿದ್ದು ಮತ್ತೆ ಜಾಗಕ್ಕೆ ಬರುವುದು ಅಪರೂಪ. ರೈವಿಂಗ್ ನೈಫ್ ಬ್ಲೇಡಿನೊಂದಿಗೇ ಏರುತ್ತದೆ, ಇಳಿಯುತ್ತದೆ, ಓರೆಯಾಗುತ್ತದೆ. ಬ್ಲೇಡಿನ ತುದಿಗಿಂತ ಸ್ವಲ್ಪ ಕೆಳಗೆ ಹೊಂದಿಸಿದಾಗ ಗಾಡಿ ತೆಗೆಯುವುದಕ್ಕೂ ಅಡ್ಡಿಯಾಗುವುದಿಲ್ಲ. ಯುರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಈ ಭಾಗವನ್ನು ಅಮೆರಿಕದ ಮಾನಕಗಳು ಹೊಸ ಯಂತ್ರಗಳಿಗೆ ಕಡ್ಡಾಯ ಮಾಡಿದ್ದು 21ನೆಯ ಶತಮಾನದಲ್ಲಿ.

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಮಾರ್ಗಸೂಚಿಯಂತೆ ಮೇಜಿನ ಮಟ್ಟದಲ್ಲಿ ಬ್ಲೇಡಿಗೂ ಪಟ್ಟಿಗೂ ನಡುವಿನ ಅಂತರ ಸುಮಾರು 8 ಮಿ.ಮೀ. ಇರಬೇಕು. ದಪ್ಪದ ವಿಷಯ ಇನ್ನೂ ಸೂಕ್ಷ್ಮವಾದುದು. ಪಟ್ಟಿಯು ಬ್ಲೇಡಿನ ತಗಡಿಗಿಂತ ದಪ್ಪವಾಗಿಯೂ ಹಲ್ಲು ಕೊಯ್ಯುವ ಸೀಳಿನ ಅಗಲಕ್ಕಿಂತ ತೆಳುವಾಗಿಯೂ ಇರಬೇಕು. ಉದಾಹರಣೆಗೆ ಬ್ಲೇಡಿನ ತಗಡು 2.2 ಮಿ.ಮೀ., ಹಲ್ಲಿನ ಅಗಲ 3 ಮಿ.ಮೀ. ಇದ್ದರೆ 2.5 ಮಿ.ಮೀ. ದಪ್ಪದ ಪಟ್ಟಿ ಹೊಂದುತ್ತದೆ. ಹೊಸ ಬ್ಲೇಡು ಕೊಳ್ಳುವಾಗ ಅದರ ವ್ಯಾಸವನ್ನಷ್ಟೇ ನೋಡಿ, 2.2 ಮಿ.ಮೀ. ಅಗಲದ ಸೀಳು ಮಾಡುವ ತೆಳು ಹಲ್ಲಿನ ಬ್ಲೇಡನ್ನು ಇದೇ ಯಂತ್ರಕ್ಕೆ ಹಾಕಿದರೆ ಮರ ಪಟ್ಟಿಗೆ ಬಂದು ತಟ್ಟಿ ನಿಲ್ಲುತ್ತದೆ. ಆಗ ಬಲವಾಗಿ ತಳ್ಳುವುದು, ಅದೂ ಸಾಗದಿದ್ದರೆ ಪಟ್ಟಿಯನ್ನೇ ಬಿಚ್ಚಿ ಎಸೆಯುವುದು ಕಾರ್ಯಾಗಾರಗಳಲ್ಲಿ ಸಾಮಾನ್ಯ. ದೋಷ ಪಟ್ಟಿಯದಲ್ಲ, ಬ್ಲೇಡಿನ ಆಯ್ಕೆಯದು. ಅನೇಕ ಯಂತ್ರಗಳಲ್ಲಿ ಯಾವ ಅಳತೆಯ ಬ್ಲೇಡಿಗೆ ಪಟ್ಟಿ ಹೊಂದುತ್ತದೆ ಎಂಬುದನ್ನು ಪಟ್ಟಿಯ ಮೇಲೆಯೇ ಕೆತ್ತಿರುತ್ತಾರೆ.

ಯಂತ್ರದ ಸ್ಥಾಪನೆ

ಯಂತ್ರ ನಿಲ್ಲುವ ನೆಲ ಸಮತಟ್ಟಾಗಿರಬೇಕು. ತಳ್ಳಿದಾಗ ಯಂತ್ರ ಕದಲಬಾರದು. ಮುಂದೆ ಮತ್ತು ಹಿಂದೆ ಕೊಯ್ಯಲಿರುವ ಹಲಗೆಯ ಪೂರ್ಣ ಉದ್ದಕ್ಕೆ ಜಾಗ ಬೇಕು. ಎಂಟಡಿ ಉದ್ದ ನಾಲ್ಕಡಿ ಅಗಲದ, 18 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆ ಮೂವತ್ತು ಕಿಲೋದಷ್ಟು ತೂಗುತ್ತದೆ. ಹಿಂಬದಿಯಲ್ಲಿ ಅದನ್ನು ಹೊರುವ ಮೇಜಿಲ್ಲದಿದ್ದರೆ ಹಾಳೆ ಕೆಳಕ್ಕೆ ಜೋತು, ಮುಂದಿನ ತುದಿ ಮೇಲೆದ್ದು, ಬ್ಲೇಡು ಇಕ್ಕಟ್ಟಿಗೆ ಸಿಲುಕುತ್ತದೆ. ಸಣ್ಣ ಯಂತ್ರಗಳಲ್ಲಿ ಪೂರ್ಣ ಹಾಳೆಯನ್ನು ಕೊಯ್ಯುವುದಕ್ಕಿಂತ ಮೊದಲು ಕೈಯಂತ್ರದಿಂದ ಅದನ್ನು ಸ್ಥೂಲವಾಗಿ ತುಂಡು ಮಾಡಿಕೊಳ್ಳುವುದು ಲೇಸು.

ವಿದ್ಯುತ್ ಸಂಪರ್ಕದಲ್ಲಿ ಗಮನಿಸಬೇಕಾದ ಅಂಶಗಳು ಕೆಲವಿವೆ. ಭೂಸಂಪರ್ಕವಿರುವ 15 ಅಥವಾ 16 ಆಂಪಿಯರ್‌ನ ಸಾಕೆಟ್ ಅಗತ್ಯ. ತೆಳುವಾದ ಎಕ್ಸ್‌ಟೆನ್ಷನ್ ತಂತಿಯಲ್ಲಿ ವೋಲ್ಟೇಜು ಕುಸಿದು ಮೋಟಾರು ಬಳಲುತ್ತದೆ. ಅಮೆರಿಕಕ್ಕಾಗಿ ತಯಾರಾದ 120 ವೋಲ್ಟ್, 60 ಹರ್ಟ್ಸ್‌ನ ಯಂತ್ರವನ್ನು ತಂದವರು ಅದನ್ನು ಭಾರತದ 230 ವೋಲ್ಟಿನ ಸಾಕೆಟ್ಟಿಗೆ ನೇರವಾಗಿ ಜೋಡಿಸುವಂತಿಲ್ಲ. ಮೂರು ಫೇಸಿನ ಮೋಟಾರಿನಲ್ಲಿ ಎರಡು ತಂತಿಗಳು ಅದಲುಬದಲಾದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಆದ್ದರಿಂದ ಹೊಸದಾಗಿ ತಂತಿ ಜೋಡಿಸಿದ ಮೇಲೆ, ಮೀಟರು ಅಥವಾ ಕಂಬದ ಬಳಿ ದುರಸ್ತಿಯಾದ ಮೇಲೆ, ಬ್ಲೇಡನ್ನು ಬಿಚ್ಚಿ ಕ್ಷಣಕಾಲ ಚಾಲನೆ ಕೊಟ್ಟು ದಿಕ್ಕನ್ನು ಪರೀಕ್ಷಿಸಬೇಕಾಗುತ್ತದೆ.

ವಿದ್ಯುತ್ ಹೋಗಿ ಬರುವ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಕೊಯ್ಯುತ್ತಿರುವಾಗ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಸ್ವಿಚ್ಚು ಮಾತ್ರ ಹಾಕಿದಂತೆಯೇ ಉಳಿಯುತ್ತದೆ. ಕೆಲಸಗಾರನು ಸಿಕ್ಕಿಕೊಂಡ ಮರವನ್ನು ಬಿಡಿಸುತ್ತಿರುವಾಗ ಕರೆಂಟು ಮರಳಿದರೆ ಬ್ಲೇಡು ತಾನಾಗಿಯೇ ತಿರುಗತೊಡಗುತ್ತದೆ. ಇದನ್ನು ತಡೆಯಲು ನೋ-ವೋಲ್ಟ್ ಸ್ವಿಚ್ ಇದೆ: ವಿದ್ಯುತ್ ಕಡಿದೊಡನೆ ಅದು ತೆರೆದುಕೊಳ್ಳುತ್ತದೆ, ಮತ್ತೆ ಒತ್ತುವವರೆಗೆ ಯಂತ್ರ ಚಲಿಸುವುದಿಲ್ಲ. ಒಳ್ಳೆಯ ಯಂತ್ರಗಳಲ್ಲಿ ಇದು ಮೊದಲೇ ಇರುತ್ತದೆ. ಇಲ್ಲದ ಯಂತ್ರಗಳಿಗೆ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಬಹುದು.

ಹೊಂದಾಣಿಕೆ

ಹೊಂದಾಣಿಕೆಯ ಎಲ್ಲ ಕೆಲಸವನ್ನೂ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತ ಮೇಲೆಯೇ ಮಾಡಲಾಗುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು.

ಮೊದಲನೆಯದು, ಬ್ಲೇಡು ಮೈಟರ್ ಗೇಜಿನ ಗಾಡಿಗೆ ಸಮಾನಾಂತರವಾಗಿರುವುದು. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ, ಅದನ್ನು ಮುಂದೆ ತಂದು ಗಾಡಿಯಿಂದ ಅದಕ್ಕಿರುವ ದೂರವನ್ನು ಅಳೆಯುತ್ತಾರೆ. ಬಳಿಕ ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯುತ್ತಾರೆ. ಬೇರೆ ಹಲ್ಲನ್ನು ಅಳೆದರೆ ಬ್ಲೇಡಿನ ಸೊಟ್ಟವೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ಎರಡು ಅಳತೆಗಳ ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ತೃಪ್ತಿಕರ. ಎರಡನೆಯದು ಫೆನ್ಸ್. ಅದನ್ನು ಬಿಗಿಗೊಳಿಸಿದ ನಂತರ ಮುಂದೆಯೂ ಹಿಂದೆಯೂ ಗಾಡಿಯಿಂದ ಅಳೆದು ಸಮಾನಾಂತರವೆಂದು ಖಚಿತಪಡಿಸಿಕೊಳ್ಳಬೇಕು. ಕೆಲವರು ಹಿಂತುದಿಯನ್ನು ಕೂದಲೆಳೆಯಷ್ಟು ಬ್ಲೇಡಿನಿಂದ ದೂರ ಬಿಡುತ್ತಾರೆ, ಇದರಿಂದ ಕೇಡಿಲ್ಲ. ಬ್ಲೇಡಿನ ಕಡೆಗೆ ಅಷ್ಟೇ ವಾಲಿದ್ದರೆ ಕೇಡಿದೆ. ಬ್ಲೇಡು ಮೇಜಿಗೆ ಲಂಬವಾಗಿದೆಯೇ ಎಂಬುದನ್ನು ಮೂಲೆಮಟ್ಟದಿಂದ ನೋಡುವಾಗ ಮಟ್ಟವನ್ನು ಹಲ್ಲಿಗಲ್ಲದೆ ತಗಡಿಗೆ ಆನಿಸಬೇಕು.

ಗಟ್ಟಿ ಮರವನ್ನು ಉದ್ದಕ್ಕೆ ಸೀಳುವಾಗ ಯುರೋಪಿನಲ್ಲಿ ಫೆನ್ಸನ್ನು ಹಿಂದಕ್ಕೆ ಎಳೆದು, ಅದು ಬ್ಲೇಡಿನ ಮುಂದಿನ ಹಲ್ಲುಗಳನ್ನು ಸ್ವಲ್ಪ ದಾಟಿದ ಕಡೆ ಮುಗಿಯುವಂತೆ ಇಡುವ ಪದ್ಧತಿಯಿದೆ. ಕೊಯ್ದ ಭಾಗ ಬಿಗಿತ ಕಳೆದುಕೊಂಡು ಬಾಗಿದರೂ ಒತ್ತಿಕೊಳ್ಳಲು ಹಿಂದೆ ಫೆನ್ಸೇ ಇರುವುದಿಲ್ಲ. ಉದ್ದನೆಯ ಫೆನ್ಸ್ ಇರುವ ಯಂತ್ರಗಳಲ್ಲಿ ಅದಕ್ಕೆ ಗಿಡ್ಡನೆಯ ಹಲಗೆಯೊಂದನ್ನು ಬಿಗಿದು ಇದೇ ಫಲ ಪಡೆಯಬಹುದು.

ಬ್ಲೇಡಿನ ಆಯ್ಕೆ ಮತ್ತು ಎತ್ತರ

ನಾರಿನ ಉದ್ದಕ್ಕೆ ಸೀಳಲು 10 ಅಂಗುಲದ ಬ್ಲೇಡಿನಲ್ಲಿ 24ರಷ್ಟು ಹಲ್ಲುಗಳು ಸಾಕು. ಹಲ್ಲುಗಳ ನಡುವಿನ ದೊಡ್ಡ ಹಳ್ಳಗಳು ಉದ್ದನೆಯ ಸಿಬಿರುಗಳನ್ನು ಹೊರಹಾಕುತ್ತವೆ. ಅಡ್ಡ ಕೊಯ್ಯಲು ಮತ್ತು ಪ್ಲೈವುಡ್ಡಿಗೆ 60ರಿಂದ 80 ಹಲ್ಲುಗಳದ್ದು ಸೂಕ್ತ. ಎರಡಕ್ಕೂ ಒಂದೇ ಬೇಕೆಂದರೆ 40 ಅಥವಾ 50 ಹಲ್ಲಿನದು. 80 ಹಲ್ಲಿನ ಬ್ಲೇಡಿನಿಂದ ದಪ್ಪ ತೇಗವನ್ನು ಸೀಳಹೊರಟರೆ ಮರ ಸುಡುತ್ತದೆ, ತಳ್ಳುವ ಬಲ ಹೆಚ್ಚುತ್ತದೆ. ಬಲ ಹೆಚ್ಚಿದಷ್ಟೂ ಕೈ ಜಾರಿದಾಗಿನ ಅನಾಹುತವೂ ಹೆಚ್ಚು. ಮೊಂಡಾದ ಬ್ಲೇಡಿಗೂ ಇದೇ ಮಾತು ಅನ್ವಯಿಸುತ್ತದೆ. ಬ್ಲೇಡಿನ ಮೇಲೆ ಮುದ್ರಿಸಿದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿರಬಾರದು. ನಡುವಿನ ರಂಧ್ರ ಆರ್ಬರಿಗೆ ಸಡಿಲವಾಗಿರಬಾರದು.

ಬ್ಲೇಡನ್ನು ಎಷ್ಟು ಎತ್ತರಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ತಗ್ಗಿಸಿದರೆ ಹೊರಗೆ ಕಾಣುವ ಹಲ್ಲುಗಳು ಕಡಿಮೆ. ಎತ್ತರಿಸಿದರೆ ಹಲ್ಲುಗಳು ಹೆಚ್ಚು ಲಂಬವಾಗಿ ಇಳಿದು ಮರವನ್ನು ಮೇಜಿಗೆ ಚೆನ್ನಾಗಿ ಒತ್ತುತ್ತವೆ. ಹಲ್ಲುಗಳ ನಡುವಿನ ಹಳ್ಳದ ತಳ ಮರದ ಮೇಲ್ಮೈಯಿಂದ ಸ್ವಲ್ಪವೇ ಮೇಲಿರುವಂತೆ ಇಡುವುದು ರೂಢಿಯಲ್ಲಿರುವ ಮಧ್ಯಮ ಮಾರ್ಗ. ಕವಚವೂ ರೈವಿಂಗ್ ನೈಫೂ ಜಾಗದಲ್ಲಿದ್ದರೆ ಈ ಚರ್ಚೆಗೆ ಹೆಚ್ಚು ಮಹತ್ವ ಉಳಿಯುವುದಿಲ್ಲ.

ಕೊಯ್ಯುವ ಕ್ರಮ

ಫೆನ್ಸಿಗೆ ಒತ್ತುವ ಅಂಚು ನೇರವಾಗಿಯೂ ಮೇಜಿಗೆ ತಾಗುವ ಮೈ ಸಮತಟ್ಟಾಗಿಯೂ ಇರಬೇಕು. ಬಾಗಿದ ಹಲಗೆಯನ್ನು ಮೊದಲು ಹತ್ತರಿಯಿಂದ ನೇರ ಮಾಡಿಕೊಳ್ಳಲಾಗುತ್ತದೆ. ಹಳೆಯ ಮನೆಗಳನ್ನು ಕೆಡವಿದಾಗ ದೊರೆತ ತೊಲೆ, ಬಾಗಿಲುಗಳಲ್ಲಿ ಮುರಿದ ಮೊಳೆಗಳು ಅಡಗಿರುತ್ತವೆ. ಅಂತಹ ಮರದ ಮೇಲೆ ಅಯಸ್ಕಾಂತವನ್ನು ಆಡಿಸಿ ನೋಡುವುದು ಒಳ್ಳೆಯದು.

ಕೊಯ್ಯುವವರು ಬ್ಲೇಡಿನ ನೇರಕ್ಕೆ ನಿಲ್ಲಬಾರದು. ಫೆನ್ಸ್ ಬಲಕ್ಕಿದ್ದರೆ ಬ್ಲೇಡಿನ ಎಡಕ್ಕೆ ನಿಲ್ಲುವುದು ವಾಡಿಕೆ. ಬ್ಲೇಡು ಪೂರ್ಣ ವೇಗಕ್ಕೆ ಬಂದ ಮೇಲೆ ಮರವನ್ನು ಒಂದೇ ಸಮನೆ ತಳ್ಳುತ್ತಾರೆ. ಮರವನ್ನು ಮುಂದಕ್ಕೆ, ಕೆಳಕ್ಕೆ ಮತ್ತು ಫೆನ್ಸಿನ ಕಡೆಗೆ ಹೀಗೆ ಮೂರು ದಿಕ್ಕುಗಳಲ್ಲಿ ಒತ್ತಬೇಕಾಗುತ್ತದೆ. ಒತ್ತಡ ಯಾವಾಗಲೂ ಫೆನ್ಸಿಗೂ ಬ್ಲೇಡಿಗೂ ನಡುವಿರುವ ಭಾಗದ ಮೇಲೆ ಬೀಳಬೇಕು, ಆಚೆಗೆ ಉದುರುವ ತುಂಡಿನ ಮೇಲಲ್ಲ. ಈ ಭಾಗ ಬ್ಲೇಡನ್ನು ಪೂರ್ತಿ ದಾಟುವವರೆಗೆ ತಳ್ಳುವುದನ್ನು ನಿಲ್ಲಿಸಬಾರದು. ಅರ್ಧದಲ್ಲಿ ಕೈಬಿಟ್ಟ ಮರ ಹಿಂಭಾಗದ ಹಲ್ಲುಗಳ ಪಕ್ಕದಲ್ಲಿಯೇ ಉಳಿದುಬಿಡುತ್ತದೆ.

ಕೊನೆಯ ಭಾಗಕ್ಕೆ ತಳ್ಳುಕೋಲು ಬೇಕು. ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಕಚ್ಚು ಕೊಯ್ದ ಈ ಕೋಲು ಕನಿಷ್ಠ 450 ಮಿ.ಮೀ. ಉದ್ದವಿರಬೇಕೆಂದೂ, ಕೊಯ್ತದ ಕೊನೆಯ 300 ಮಿ.ಮೀ.ನಲ್ಲಿ ಅದನ್ನು ಬಳಸಲೇಬೇಕೆಂದೂ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಉಳಿಕೆ ರೀಪಿನಿಂದ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದಾದ ವಸ್ತು ಇದು. ಯಂತ್ರ ಚಾಲೂ ಮಾಡುವ ಮೊದಲೇ ಅದನ್ನು ಕೈಗೆಟಕುವಲ್ಲಿ ಇಟ್ಟುಕೊಂಡಿರಬೇಕು. ಅರ್ಧ ಕೊಯ್ದ ಮೇಲೆ ಹುಡುಕುವಂತಾದರೆ ಅದು ಇಲ್ಲದಂತೆಯೇ. ಮರವನ್ನು ಫೆನ್ಸಿಗೆ ಒತ್ತಿ ಹಿಡಿಯುವ ಬಾಚಣಿಗೆಯಂತಹ ಫೆದರ್‌ಬೋರ್ಡನ್ನು ಬ್ಲೇಡಿಗಿಂತ ಮುಂಚೆ, ಅಂದರೆ ಕೊಯ್ಯುವವರ ಬದಿಯಲ್ಲಿ ಬಿಗಿಯಬೇಕು. ಬ್ಲೇಡಿನ ಪಕ್ಕದಲ್ಲಿ ಬಿಗಿದರೆ ಅದೇ ಸೀಳನ್ನು ಮುಚ್ಚಿ ಕಿಕ್‌ಬ್ಯಾಕ್‌ಗೆ ಕಾರಣವಾಗುತ್ತದೆ.

ಅಡ್ಡ ಕೊಯ್ಯುವಾಗ ಮೈಟರ್ ಗೇಜ್ ಅಥವಾ ಜಾರುಪೀಠವನ್ನು ಬಳಸಲಾಗುತ್ತದೆ. ಒಂದೇ ಅಳತೆಯ ಹಲವು ತುಂಡುಗಳು ಬೇಕಿದ್ದರೆ ಫೆನ್ಸಿನ ಮುಂಭಾಗಕ್ಕೆ, ಬ್ಲೇಡಿಗಿಂತ ಸಾಕಷ್ಟು ಮೊದಲೇ ಮುಗಿಯುವಂತೆ, ಮರದ ತುಂಡೊಂದನ್ನು ಬಿಗಿದು ಅದನ್ನು ಅಳತೆಯ ತಡೆಯಾಗಿ ಇಟ್ಟುಕೊಳ್ಳಬಹುದು. ಮರ ಬ್ಲೇಡನ್ನು ಮುಟ್ಟುವ ಹೊತ್ತಿಗೆ ತಡೆಯಿಂದ ಬಿಡುಗಡೆಯಾಗಿರುತ್ತದೆ.

ಸಹಾಯಕನಿದ್ದರೆ ಅವನು ಹಲಗೆಯನ್ನು ಹೊರಬೇಕೇ ಹೊರತು ಎಳೆಯಬಾರದು. ಎಳೆತದ ವೇಗ ಒಬ್ಬರ ಕೈಯಲ್ಲಿ, ದಿಕ್ಕು ಇನ್ನೊಬ್ಬರ ಕೈಯಲ್ಲಿ ಇದ್ದರೆ ಮರ ಓರೆಯಾಗುವುದು ಖಚಿತ. ಬ್ಲೇಡಿನ ಬಳಿ ಬಿದ್ದ ಚೂರುಗಳನ್ನು ಕೈಯಿಂದ ತೆಗೆಯುವ ಅಭ್ಯಾಸವೂ ಬೆರಳುಗಳಿಗೆ ಎರವಾಗುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಬ್ಲೇಡು ಕೆಲವು ಸೆಕೆಂಡು ಸದ್ದಿಲ್ಲದೆ ತಿರುಗುತ್ತಿರುತ್ತದೆ. ಯುರೋಪಿನ ಮಾನಕ ಅದು 10 ಸೆಕೆಂಡಿನೊಳಗೆ ನಿಲ್ಲಬೇಕೆಂದು ವಿಧಿಸಿದೆ; ಬ್ರೇಕಿಲ್ಲದ ಯಂತ್ರಗಳಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯಬಹುದು.

ಉಡುಪು, ಹುಡಿ ಮತ್ತು ಸದ್ದು

ಕೈಗವಸು ರಕ್ಷಣೆ ನೀಡುತ್ತದೆಂಬ ಭಾವನೆ ತಪ್ಪು. ತಿರುಗುವ ಹಲ್ಲಿಗೆ ಅದರ ದಾರ ಸಿಕ್ಕಿದರೆ ಇಡೀ ಕೈಯನ್ನು ಒಳಗೆಳೆಯುತ್ತದೆ. ಹೆಗಲ ಮೇಲಿನ ಟವೆಲ್ಲು, ದುಪ್ಪಟ್ಟ, ಸಡಿಲ ತೋಳಿನ ಅಂಗಿ, ಉಂಗುರ, ಬಳೆ, ಮುಂಗೈಗೆ ಕಟ್ಟಿದ ದಾರ ಇವೆಲ್ಲವೂ ಇದೇ ಕಾರಣಕ್ಕೆ ಅಪಾಯಕರ. ಉದ್ದ ಕೂದಲನ್ನು ಕಟ್ಟಿಕೊಳ್ಳಬೇಕು, ಕಣ್ಣಿಗೆ ಕನ್ನಡಕ ಧರಿಸಬೇಕು. ಯಂತ್ರದ ಸದ್ದು 90 ಡೆಸಿಬೆಲ್ಲನ್ನು ಮೀರುವುದರಿಂದ ದಿನವೂ ಬಳಸುವವರಿಗೆ ಕಿವಿಯ ರಕ್ಷಣೆಯೂ ಬೇಕು.

ಮರದ ಹುಡಿಯಿಂದಾಗುವ ಹಾನಿ ಕೂಡಲೇ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನ ವಸ್ತುಗಳಲ್ಲಿ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರಿನೊಂದಿಗೆ ಅದರ ಸಂಬಂಧ ಸಾಬೀತಾಗಿದೆ. ಹುಡಿ ಹೀರುವ ಯಂತ್ರವೂ ಎನ್95 ದರ್ಜೆಯ ಮುಖಗವಸೂ ಇದಕ್ಕೆ ಪರಿಹಾರ. ಮುಖಕ್ಕೆ ಟವೆಲ್ಲು ಸುತ್ತಿಕೊಳ್ಳುವುದು ಸೂಕ್ಷ್ಮ ಹುಡಿಯನ್ನು ತಡೆಯುವುದಿಲ್ಲ.

ಕೈಯಂತ್ರದಿಂದ ಮಾಡಿಕೊಂಡ ಮೇಜುಗಳು

ಕರ್ನಾಟಕವೂ ಸೇರಿದಂತೆ ಭಾರತದ ಸಣ್ಣ ಮರಗೆಲಸದ ಅಂಗಡಿಗಳಲ್ಲಿಯೂ ಕಟ್ಟಡಗಳಲ್ಲಿ ಒಳಾಂಗಣ ಕೆಲಸ ನಡೆಯುವಲ್ಲಿಯೂ ಕಾರ್ಖಾನೆಯ ಮೇಜು ಗರಗಸಕ್ಕಿಂತ ಬಡಗಿಗಳು ತಾವೇ ಮಾಡಿಕೊಂಡ ಮೇಜು ಹೆಚ್ಚಾಗಿ ಕಾಣುತ್ತದೆ. ಪ್ಲೈವುಡ್ ಹಾಳೆಯೊಂದಕ್ಕೆ ಸೀಳು ಕೊರೆದು, ಕೈಯಲ್ಲಿ ಹಿಡಿಯುವ ವೃತ್ತ ಗರಗಸವನ್ನೋ ಮಾರ್ಬಲ್ ಕಟರನ್ನೋ ಅಡಿಮೇಲಾಗಿ ಕೆಳಗೆ ಬಿಗಿಯುತ್ತಾರೆ. ಖರ್ಚು ಕಡಿಮೆ, ಸಾಗಿಸುವುದು ಸುಲಭ, ಕೆಲಸವೂ ಬೇಗ ಸಾಗುತ್ತದೆ. ಆದರೆ ಈ ಲೇಖನದಲ್ಲಿ ವಿವರಿಸಿದ ರಕ್ಷಣೆಗಳು ಬಹುತೇಕ ಇದರಲ್ಲಿ ಇರುವುದಿಲ್ಲ. ಕೈಯಂತ್ರದ ತಾನೇ ಮುಚ್ಚಿಕೊಳ್ಳುವ ಕವಚವನ್ನು ತಂತಿಯಿಂದ ಹಿಂದಕ್ಕೆ ಕಟ್ಟಲಾಗುತ್ತದೆ. ಬೆರಳು ತೆಗೆದೊಡನೆ ನಿಲ್ಲಬೇಕಾದ ಸ್ವಿಚ್ಚನ್ನು ಒತ್ತಿದಂತೆಯೇ ಬಂಧಿಸಲಾಗುತ್ತದೆ. ರೈವಿಂಗ್ ನೈಫ್ ಇಲ್ಲ. ಫೆನ್ಸಿನ ಜಾಗದಲ್ಲಿ ಎರಡು ಕ್ಲಾಂಪುಗಳಿಂದ ಬಿಗಿದ ರೀಪು ಇರುತ್ತದೆ. ಕಲ್ಲು ಕೊಯ್ಯಲೆಂದು ಮಾಡಿದ ಮಾರ್ಬಲ್ ಕಟರ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಹಾಕುವ ಮರದ ಬ್ಲೇಡು ಆ ವೇಗವನ್ನು ತಾಳುವಂತಹುದೇ ಎಂದು ನೋಡುವವರು ವಿರಳ.

1948ರ ಕಾರ್ಖಾನೆ ಕಾಯ್ದೆಯ 21ನೆಯ ಸೆಕ್ಷನ್ ಯಂತ್ರಗಳ ಅಪಾಯಕರ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು ವಿಧಿಸಿತು. ಆದರೆ ಆ ಕಾಯ್ದೆ ವಿದ್ಯುತ್ ಬಳಸುವ, 10 ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳಗಳಿಗೆ ರೂಪಿತವಾದದ್ದು. ಇಬ್ಬರು ಮೂವರು ದುಡಿಯುವ ಬಡಗಿ ಅಂಗಡಿ ಅದರ ಹೊರಗೇ ಉಳಿಯಿತು. ಇಂತಹ ಮೇಜನ್ನು ಬಳಸುವುದು ಅನಿವಾರ್ಯವಾದಲ್ಲಿ ಸೀಳಿನ ಹಿಂದೆ, ಬ್ಲೇಡಿನ ನೇರಕ್ಕೆ, ಸರಿಯಾದ ದಪ್ಪದ ಲೋಹದ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸುವುದು, ಕೈಗೆಟಕುವಲ್ಲಿ ಪ್ರತ್ಯೇಕ ಸ್ವಿಚ್ಚು ಹಾಕಿಸುವುದು ಮತ್ತು ತಳ್ಳುಕೋಲು ಬಳಸುವುದು ಅಪಾಯವನ್ನು ತಗ್ಗಿಸುತ್ತವೆ. ಇವು ಕಾರ್ಖಾನೆಯ ಯಂತ್ರಕ್ಕೆ ಸಮಾನವಾಗುವುದಿಲ್ಲ.

ತಾನೇ ನಿಲ್ಲುವ ಗರಗಸ

ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ, ಸಾಸ್ಟಾಪ್ ಹೆಸರಿನಲ್ಲಿ ಮಾರಾಟವಾಗುವ ವ್ಯವಸ್ಥೆಯಲ್ಲಿ ಬ್ಲೇಡಿಗೆ ಸಣ್ಣ ವಿದ್ಯುತ್ ಸಂಕೇತವನ್ನು ಹರಿಸಲಾಗುತ್ತದೆ. ವಿದ್ಯುದ್ವಾಹಕವಾದ ಮನುಷ್ಯದೇಹ ತಾಗಿದೊಡನೆ ಸಂಕೇತ ಬದಲಾಗುತ್ತದೆ, ಸ್ಪ್ರಿಂಗಿನಿಂದ ಬಿಡುಗಡೆಯಾದ ಅಲ್ಯೂಮಿನಿಯಂ ದಿಮ್ಮಿಯೊಂದು ಹಲ್ಲುಗಳಿಗೆ ಚುಚ್ಚಿಕೊಳ್ಳುತ್ತದೆ, ಬ್ಲೇಡು ಸುಮಾರು 5 ಮಿಲಿಸೆಕೆಂಡಿನಲ್ಲಿ ನಿಂತು ಮೇಜಿನ ಕೆಳಗೆ ಇಳಿಯುತ್ತದೆ. ತುಂಡಾಗಬೇಕಿದ್ದ ಬೆರಳು ಸಾಮಾನ್ಯವಾಗಿ ಸಣ್ಣ ಗೀರಿನೊಂದಿಗೆ ಉಳಿಯುತ್ತದೆ. ಒಮ್ಮೆ ಚಾಲನೆಗೊಂಡ ಬ್ರೇಕಿನ ಪೆಟ್ಟಿಗೆಯನ್ನು ಬದಲಿಸಲೇಬೇಕು. ಬ್ಲೇಡೂ ಸಾಮಾನ್ಯವಾಗಿ ಹಾಳಾಗಿರುತ್ತದೆ. ಬಹಳ ಹಸಿಯಾದ ಮರವೂ ಲೋಹವೂ ಅದನ್ನು ಚಾಲನೆಗೊಳಿಸಬಹುದು. ಇಂತಹ ರಕ್ಷಣೆಯನ್ನು ಎಲ್ಲ ಮೇಜು ಗರಗಸಗಳಿಗೂ ಕಡ್ಡಾಯ ಮಾಡುವ ಪ್ರಸ್ತಾವವನ್ನು ಅಮೆರಿಕದ ಆಯೋಗ 2023ರಲ್ಲಿ ಮುಂದಿಟ್ಟಾಗ ಬೆಲೆ ಏರುತ್ತದೆ, ಪೇಟೆಂಟುಗಳು ಒಂದೇ ಸಂಸ್ಥೆಯ ಕೈಯಲ್ಲಿವೆ ಎಂಬ ಆಕ್ಷೇಪಗಳು ಬಂದವು. ಈ ವ್ಯವಸ್ಥೆ ಕಿಕ್‌ಬ್ಯಾಕನ್ನು ತಡೆಯುವುದಿಲ್ಲ; ರೈವಿಂಗ್ ನೈಫ್ ಇದ್ದ ಯಂತ್ರದಲ್ಲಿಯೂ ಇದು ಹೆಚ್ಚುವರಿ ರಕ್ಷಣೆ ಮಾತ್ರ.

ಗಾಯವಾದಾಗ

ಮೊದಲು ಯಂತ್ರವನ್ನು ಆರಿಸಬೇಕು. ಶುದ್ಧವಾದ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿಹಿಡಿದು ಕೈಯನ್ನು ಎದೆಗಿಂತ ಮೇಲಕ್ಕೆತ್ತಬೇಕು. ಗಾಯಕ್ಕೆ ಕಾಫಿಪುಡಿ, ಅರಿಶಿನ ಅಥವಾ ಮರದ ಹುಡಿ ತುಂಬುವುದು ಶಸ್ತ್ರಚಿಕಿತ್ಸೆಯನ್ನು ಕಷ್ಟಗೊಳಿಸುತ್ತದೆ. ತುಂಡಾದ ಬೆರಳನ್ನು ಹುಡುಕಿ, ಸ್ವಚ್ಛವಾದ ತೇವದ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಬೇಕು. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಿದರೆ ಅದರ ಜೀವಕೋಶಗಳು ಸಾಯುತ್ತವೆ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಪಡೆಯಬಹುದು. ಕರೆ ಮಾಡುವಾಗಲೇ ಬೆರಳು ತುಂಡಾಗಿರುವುದನ್ನು ತಿಳಿಸಿದರೆ, ಅದನ್ನು ಮರುಜೋಡಿಸುವ ಪ್ಲಾಸ್ಟಿಕ್ ಸರ್ಜರಿ ಸೌಲಭ್ಯವಿರುವ ಆಸ್ಪತ್ರೆಯನ್ನು ಆರಿಸಿಕೊಳ್ಳಲು ಸಮಯ ಉಳಿಯುತ್ತದೆ.